ಕಳೆಯದ ಲೆಕ್ಕ

ಫಲಜ್ ಅಲ್ ಕಬಾಯಿಲ್‌ನ ನಮ್ಮ ಕ್ಯಾಂಪಿನಲ್ಲಿ
ಮಂಚ ಹದಿನಾರು, ಮಲಗುವವರು ಮೂವತ್ತೊಂದು.
ಹಗಲು ಮಲಗಿದವನು ಎದ್ದ ಬಿಸಿಗೇ
ರಾತ್ರಿಯವನು ಬಂದು ಬೀಳುತ್ತಾನೆ,
ದಿಂಬು ಬೇರೆ, ಹಾಸಿಗೆ ಅದೇ.
ಒಬ್ಬನ ಸಾಮಾನು ಮಂಚದಡಿಯ ಟ್ರಂಕಿಗಿಳಿಯುತ್ತದೆ,
ಇನ್ನೊಬ್ಬನದು ಮೇಲೇರುತ್ತದೆ.

ಕಿಟಕಿ ಬದಿಯ ಮಂಚಕ್ಕೆ ಮಾತ್ರ ಜೋಡಿಯಿಲ್ಲ.
ಅದು ಟಗ್ಗಿನ ಮೆಂಡನ್ ಅಣ್ಣನದು.
ಎರಡಕ್ಕೆ ಫೋನು ಬಂದರೆ ಎರಡೂ ಹತ್ತಕ್ಕೆ ವ್ಯಾನಿನಲ್ಲಿರಬೇಕು;
ಹಡಗು ಕಾಯುತ್ತಿರುವಾಗ
'ನನ್ನ ಜಾಗದಲ್ಲಿ ಬೇರೆಯವರಿದ್ದರು' ಎನ್ನಲಾಗದು.

ಇದಿನಬ್ಬಾಕನ ಇನ್ನೂರು ಪುಟದ ನೋಟುಬುಕ್ಕಿನಲ್ಲಿ
ಅವನ ಹೆಸರಿನೆದುರು ಒಂದು ಬೀಗದ ಚಿತ್ರ.
ಬೀಗದ ಮಂಚ ಕ್ಯಾಂಪಿಗೆ ಒಂದೇ.
ನಾನೂ ಕೇಳಿದ್ದೆ: ರಾತ್ರಿ ಪಾಳಿ, ತಲೆನೋವು, ಡಾಕ್ಟರ ಚೀಟಿ.
"ಎಲ್ಲರಿಗೂ ಕಾರಣ ಉಂಟು ಮಾರಾಯ,
ಕಾರಣಕ್ಕೊಂದು ಮಂಚ ಕೊಟ್ಟರೆ
ಮನುಷ್ಯರನ್ನು ಎಲ್ಲಿ ಮಲಗಿಸಲಿ?"

ಸೊಹಾರ್ ಬಂದರಿನ ಸರ್ವರ್ ಕೋಣೆಯಲ್ಲಿ
ನನ್ನ ಮುಂದಿರುವುದೂ ಅಂಥದೇ ಪುಸ್ತಕ.
ಅಲ್ಲಿ ಮೆಮೊರಿ ಎನ್ನುತ್ತೇವೆ. ನೆನಪು ಎಂದು ಕನ್ನಡಿಸಿದರೆ
ಕವಿತೆ ತಾನಾಗಿ ಊರಿಗೆ ಹೊರಟುಬಿಡುತ್ತದೆ; ಬೇಡ.
ನಾಲ್ಕು ನಾಲ್ಕು ಕಿಲೋಬೈಟಿನ ಪುಟಗಳು.
ಬಹಳ ಹೊತ್ತು ಯಾರೂ ಮುಟ್ಟದ್ದನ್ನು
ಕರ್ನೆಲ್ ಸದ್ದಿಲ್ಲದೆ ಎತ್ತಿ ಡಿಸ್ಕಿಗೆ ಹಾಕುತ್ತದೆ,
ಬೇಕೆಂದಾಗ ತರುತ್ತದೆ. ತರುವಷ್ಟು ಹೊತ್ತು
ನಲವತ್ತಡಿಯ ಕಂಟೇನರು ಗಾಳಿಯಲ್ಲಿ ತೂಗುತ್ತಿದ್ದರೆ?
ಅದಕ್ಕೇ ಕ್ರೇನಿನ ಪ್ರೋಗ್ರಾಮು
ತನ್ನ ಪುಟಗಳಿಗೆ ಬೀಗ ಹಾಕಿಸಿಕೊಂಡಿದೆ.
ಇವನ್ನು ಕದಲಿಸಬೇಡಿ.
ಕದಲಿಸುವುದಿಲ್ಲ. ಆದರೆ ಎಣಿಸುತ್ತದೆ ಕರ್ನೆಲ್,
ಎಂಟು ಎಂಬಿ; ಅದರಾಚೆ ಒಂದೇ ಒಂದು ಪುಟವಿಲ್ಲ.

ಜುಲೈಯ ಒಂದು ರಾತ್ರಿ, ಕಿಟಕಿಗಾಜು ಹೊರಗಿನಿಂದ ಬೆವರುವಾಗ,
ಪ್ರೋಗ್ರಾಮು ಬಿತ್ತು, ಎದ್ದಿತು, ಮತ್ತೆ ಬೀಗ ಕೇಳಿತು.
ಹನ್ನೆರಡನೇ ನಂಬರಿನ ತಪ್ಪು: ಜಾಗವಿಲ್ಲ.
ನೋಡಿದರೆ ಮುಕ್ಕಾಲು ಯಂತ್ರ ಖಾಲಿ!
"ಮಿತಿಯನ್ನೇ ತೆಗೆದುಹಾಕು," ಅಂದ
ಫೋನಿನಲ್ಲಿ ಸುಲೈಮ್ ಅಲ್ ಮಾಮರಿ, ಬಾಯಲ್ಲಿ ಖರ್ಜೂರ.
ತೆಗೆಯಲು ಒಂದೇ ಪದ ಸಾಕು.
ಆಮೇಲೆ ಯಾವ ಹುಚ್ಚು ಪ್ರೋಗ್ರಾಮಾದರೂ
ಇಡೀ ಯಂತ್ರದುದ್ದ ಕಾಲು ಚಾಚಬಹುದು,
ಉಳಿದವು ಬಾಗಿಲಲ್ಲಿ ನಿಂತು ಸಾಯಬೇಕು.

ತೆಗೆಯಲಿಲ್ಲ. ಹುಡುಕಿದೆ.
ನೆಟ್‌ವರ್ಕ್ ಕಾರ್ಡಿಗೆ ಒಪ್ಪಿಸಿದ ಪುಟಗಳ ಲೆಕ್ಕ
ಪ್ರೋಗ್ರಾಮಿನದಲ್ಲ, ಬಳಕೆದಾರನ ಖಾತೆಯದು.
ಬಿದ್ದವನು ಪುಟ ಬಿಟ್ಟುಕೊಟ್ಟೇ ಬಿದ್ದಿದ್ದ;
ಖಾತೆಯಲ್ಲಿ ಕೂಡಿದ್ದುಂಟು, ಕಳೆದದ್ದಿಲ್ಲ.
ಡ್ರೈವರಿನಲ್ಲಿ, ಕೆಟ್ಟ ದಾರಿಯಿಂದ ಹೊರಬರುವ ಕಡೆ,
ಆ ಒಂದು ಸಾಲನ್ನು ಯಾರೋ ಬರೆದೇ ಇರಲಿಲ್ಲ.
ಬರೆದೆ. ಅಕ್ಷರ ಅರುವತ್ತೂ ಇಲ್ಲ.

ಬೆಳಗ್ಗೆ ವ್ಯಾನಿನಿಂದಿಳಿದರೆ, ಬಾಗಿಲ ಬಳಿ
ಫ್ರಿಜ್ಜಿನ ರಟ್ಟಿನ ಮೇಲೆ ಖಾರ್ವಿ ಹುಡುಗ ದಿಗಂಬರ,
ಬಂದು ಹತ್ತೊಂಬತ್ತು ದಿನವಾದವನು,
ಎ.ಸಿ.ಯ ನೀರು ಮಂಡಿಗೆ ತೊಟ್ಟಿಕ್ಕುತ್ತಿದ್ದರೂ ನಿದ್ದೆ.
ಅವನನ್ನು ದಾಟಿ ಎರಡು ಹೆಜ್ಜೆಗೆ ಕಿಟಕಿ,
ಮಡಚಿದ ಚಾದರ, ಖಾಲಿ ಮಂಚ.
ಮೆಂಡನ್ ಅಣ್ಣ ದುಕುಮ್‌ಗೆ ಹೋಗಿ ತಿಂಗಳಾಯಿತು.
ಪುಸ್ತಕ ಹೇಳುತ್ತದೆ: ಭರ್ತಿ.

"ಕೂಡಿದ್ದೀರಿ ಇದಿನಬ್ಬಾಕ, ಕಳೆದಿಲ್ಲ."
ಕನ್ನಡಕ ಹಣೆಗೇರಿಸಿ ಪುಟವನ್ನು ಮೂಗಿನ ಹತ್ತಿರ ತಂದರು.
ಮರೆತದ್ದೋ, ಇಟ್ಟುಕೊಂಡದ್ದೋ, ನಾನು ಕೇಳಲಿಲ್ಲ.
"ಎರಡು ಗಂಟೆಗೆ ಫೋನು ಬಂದರೆ?"
"ದುಕುಮ್‌ನಲ್ಲಿ ಬರುತ್ತದೆ."
"ಹೌದಲ್ಲ," ಅಂದರು.

ಹೆಸರನ್ನು ರಬ್ಬರಿನಿಂದ ಅಳಿಸಿದರು.
ಬೀಗದ ಚಿತ್ರ ಅಳಿಯಲಿಲ್ಲ, ಪೆನ್ನಿನದು.
ದಿಗಂಬರನನ್ನು ಎಬ್ಬಿಸಿ ತೋರಿಸಿದರೆ
ಆತ ನಂಬದೆ, ಅಂಚಿನಲ್ಲೇ ಕೂತು,
ಒಂದು ಬೂಟು ಬಿಚ್ಚಿದ. ಇನ್ನೊಂದು ಕಾಲಲ್ಲೇ ಇತ್ತು
ಗೊರಕೆ ಶುರುವಾದಾಗ.